ಬೇಸ್ ಗಿಟಾರಿಗೆ ಕಡಿಮೆ ಖರ್ಚಿನ ಫುಲ್ ರೇಂಜ್ ಬಾಕ್ಸ್: ಕೊಳ್ಳುವ ಮೊದಲು ನೋಡಬೇಕಾದ್ದು

ಕಲಬುರಗಿ, ಬೀದರ್, ಯಾದಗಿರಿ ಕಡೆ ಬೇಸ್ ಗಿಟಾರ್ ನುಡಿಸುವವರ ತೊಂದರೆ ಒಂದೇ. ಗಿಟಾರ್ ಹೇಗೋ ಸಿಗುತ್ತದೆ. ಅದನ್ನು ಸರಿಯಾಗಿ ಕೇಳಿಸುವ ಬಾಕ್ಸ್ ಸಿಗುವುದಿಲ್ಲ. ಅಂಗಡಿಗೆ ಹೋದರೆ ಒಂದು ಕಡೆ ಮನೆಯ ಅಭ್ಯಾಸಕ್ಕೆ ಸಾಕಾಗುವ ಸಣ್ಣ ಆಂಪ್ (ಆಂಪ್ಲಿಫೈಯರ್), ಇನ್ನೊಂದು ಕಡೆ ಮೆರವಣಿಗೆಗೆ ಕಟ್ಟುವ ಡಿಜೆ ಡಬ್ಬ. ಬೇಸ್‌ಗೆಂದೇ ಮಾಡಿದ ಕ್ಯಾಬಿನೆಟ್ ಬೇಕು ಅಂದರೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು. ಅಲ್ಲಿಂದ ತಂದರೂ ಅದರಲ್ಲಿ ಬೇಸ್ ಬಿಟ್ಟು ಬೇರೇನೂ ಚೆನ್ನಾಗಿ ಕೇಳಿಸುವುದಿಲ್ಲ.

ಹಾಗಾಗಿ ನನ್ನ ಸಲಹೆ ಹಾಡುಗಾರರಿಗೆ, ಕೀಬೋರ್ಡಿಗೆ ಬಳಸುವ ಫುಲ್ ರೇಂಜ್ ಪವರ್ಡ್ ಸ್ಪೀಕರ್. ಫುಲ್ ರೇಂಜ್ ಅಂದರೆ ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ ಎಲ್ಲವನ್ನೂ ನುಡಿಸುವಂಥದ್ದು. ಒಳಗೇ ಆಂಪ್ ಇರುವ, 12 ಇಂಚಿನ ಒಂದು ಬಾಕ್ಸ್. ಬೇಸ್ ಇಲ್ಲದ ದಿನ ಅದಕ್ಕೆ ಎಲೆಕ್ಟ್ರಾನಿಕ್ ತಾಳವಾದ್ಯ ಆಕ್ಟೋಪ್ಯಾಡ್ ಹಾಕಬಹುದು, ಚರ್ಚಿನ ಭಾನುವಾರದ ಹಾಡಿಗೆ ಮೈಕ್ ಹಾಕಬಹುದು. ದುಡ್ಡು ವ್ಯರ್ಥವಾಗುವುದಿಲ್ಲ. ಆದರೆ ಎಲ್ಲಾ 12 ಇಂಚಿನ ಬಾಕ್ಸೂ ಬೇಸ್‌ಗೆ ಆಗುವುದಿಲ್ಲ. ಆರಿಸುವುದು ಹೇಗೆ ಅಂತ ನೋಡೋಣ.

1. ಎಲ್ಲಿ ನುಡಿಸುತ್ತೀರಿ ಅಂತ ಮೊದಲು ಬರೆದುಕೊಳ್ಳಿ

ಮನೆ, ಚರ್ಚು, ಸಣ್ಣ ಹಾಲ್ ಇಷ್ಟೇ ಆದರೆ ಒಂದು ಒಳ್ಳೆಯ ಬಾಕ್ಸ್ ಸಾಕು. ಫಂಕ್ಷನ್ ಹಾಲಿನ ಮದುವೆ ಆರ್ಕೆಸ್ಟ್ರಾ, ಗಣೇಶ ಹಬ್ಬದ ಪೆಂಡಾಲ್, ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರದಂಥ ಜಾಗ ಆದರೆ ಅಲ್ಲಿ ಸೌಂಡಿನವರ ದೊಡ್ಡ ಸಿಸ್ಟಮ್ ಇದ್ದೇ ಇರುತ್ತದೆ. ಜನರಿಗೆ ಕೇಳಿಸುವ ಕೆಲಸ ಅವರದು. ನಿಮ್ಮ ಬಾಕ್ಸ್ ನಿಮಗೂ ಪಕ್ಕದ ಡ್ರಮ್ಮರ್‌ಗೂ ಕೇಳಿಸಿದರೆ ಆಯಿತು.

ಇದನ್ನು ಮರೆತವರೇ ಬೇಕಿಲ್ಲದ ದೊಡ್ಡ ಬಾಕ್ಸ್ ಕೊಳ್ಳುತ್ತಾರೆ. 1969ರಲ್ಲಿ ಆಂಪೆಗ್ ಕಂಪನಿ 300 ವ್ಯಾಟ್‌ನ ಆಂಪ್ ಮಾಡಿ, ಎಂಟು 10 ಇಂಚಿನ ಸ್ಪೀಕರ್ ಇರುವ ನಾಲ್ಕಡಿ ಎತ್ತರದ ಕ್ಯಾಬಿನೆಟ್ ಜೊತೆಗೆ ಕೊಟ್ಟಿತು. ಆಗ ಬೇಸ್ ಇಡೀ ಸಭೆಗೆ ವೇದಿಕೆಯಿಂದಲೇ ಕೇಳಿಸಬೇಕಿತ್ತು. ಈಗ ಆ ಗೋಜಿಲ್ಲ. ಆದರೂ ಫೋಟೋದಲ್ಲಿ ಅದು ಚೆಂದ ಕಾಣುತ್ತದೆ, ಅಲ್ವಾ? ಎತ್ತಿ ಆಟೋದಲ್ಲಿ ಹಾಕುವಾಗ ಮಾತ್ರ ಗೊತ್ತಾಗುತ್ತದೆ.

2. ಬೇಸ್ ಎಷ್ಟು ಕೆಳಗೆ ಹೋಗುತ್ತದೆ

ನಾಲ್ಕು ತಂತಿಯ ಬೇಸ್‌ನಲ್ಲಿ ದಪ್ಪನೆಯ ಇ ತಂತಿ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಎ ತಂತಿ 55, ಡಿ ತಂತಿ 73, ಜಿ ತಂತಿ 98. ಐದು ತಂತಿಯದ್ದಾದರೆ ಕೆಳಗಿನ ಬಿ ಸುಮಾರು 31 ಹರ್ಟ್ಸ್.

ಹಾಗಾದರೆ 41 ಹರ್ಟ್ಸ್ ಪೂರಾ ಬಲದಲ್ಲಿ ಕೊಡುವ ಬಾಕ್ಸೇ ಬೇಕಾ? ಬೇಡ. ಇ ತಂತಿ ಮೀಟಿದಾಗ 41 ಒಂದೇ ಬರುವುದಿಲ್ಲ. 82, 123, 164 ಹೀಗೆ ಅದರ ಮೇಲಿನ ಸ್ವರಗಳೂ ಜೊತೆಗೆ ಬರುತ್ತವೆ. ಮೇಲಿನವು ಸರಿಯಾಗಿ ಕೇಳಿಸಿದರೆ ಕೆಳಗಿನದ್ದನ್ನು ಕಿವಿಯೇ ತುಂಬಿಕೊಳ್ಳುತ್ತದೆ. 50 ಹರ್ಟ್ಸ್ ಸುತ್ತಮುತ್ತಲಿಂದ ಗಟ್ಟಿಯಾಗಿ ನುಡಿಸುವ ಬಾಕ್ಸ್ ನಾಲ್ಕು ತಂತಿಯ ಬೇಸ್‌ಗೆ ಸಾಕು.

ಮೇಲಿನ ತುದಿಯೂ ಮುಖ್ಯ. ಬೆರಳು ತಂತಿಗೆ ತಾಗುವ ಸದ್ದು, ಹೆಬ್ಬೆರಳಿನಿಂದ ತಂತಿಗೆ ಬಡಿಯುವ ಸ್ಲ್ಯಾಪ್‌ನ ಚಟ್ ಅನ್ನುವ ಏಟು ಎಲ್ಲಾ 2,000 ಹರ್ಟ್ಸ್‌ನಿಂದ ಮೇಲೆ ಬರುತ್ತದೆ. ಇದಕ್ಕೇ ಮೇಲಿನ ಸ್ವರ ಕೊಡುವ ಹಾರ್ನ್ ಬೇಕು. ಡಿಜೆಯವರ ಬೇಸ್ ಡಬ್ಬದಲ್ಲಿ ಇದೇ ಇಲ್ಲ. ಅದು ಧಡ್ ಧಡ್ ಅನ್ನಲಿಕ್ಕೆ ಕಟ್ಟಿದ, ಕೆಳಗಿನ ಸ್ವರ ಮಾತ್ರ ಕೊಡುವ ಸಬ್. ಅದರಲ್ಲಿ ಬೇಸ್ ಗಿಟಾರ್ ನುಡಿಸಿದರೆ ಎದೆ ಅದುರುತ್ತದೆ, ಯಾವ ಸ್ವರ ಅಂತ ಮಾತ್ರ ತಿಳಿಯುವುದಿಲ್ಲ.

3. ವ್ಯಾಟ್ ನೋಡಿ ಮರುಳಾಗಬೇಡಿ

ಇಲ್ಲಿ ಸ್ವಲ್ಪ ನಿಧಾನಿಸೋಣ. ದುಡ್ಡು ಜಾಸ್ತಿ ಹಾಳಾಗುವುದು ಇಲ್ಲೇ.

ಅಂಗಡಿಯವರು ಮೊದಲು ಹೇಳುವ ಮಾತು, "ಸಾವಿರ ವ್ಯಾಟ್ ಅದ ನೋಡ್ರಿ ಸರ." ಬಾಕ್ಸಿನ ಮೇಲೂ ದೊಡ್ಡಕ್ಷರದಲ್ಲಿ ಅದೇ ಇರುತ್ತದೆ. ಅದು ಪೀಕ್ ವ್ಯಾಟ್. ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಬರುವ ಲೆಕ್ಕ. ನೀವು ಕೇಳಬೇಕಾದ್ದು ಆರ್‌ಎಂಎಸ್ ಅಥವಾ ಕಂಟಿನ್ಯೂಯಸ್ ವ್ಯಾಟ್, ಅಂದರೆ ಸತತವಾಗಿ ಬರುವ ಲೆಕ್ಕ. ಪೀಕ್ ಸಾವಿರ ಇದ್ದರೆ ಇದು ಐನೂರು ಇರಬಹುದು, ಅದಕ್ಕಿಂತ ಬಹಳ ಕಡಿಮೆಯೂ ಇರಬಹುದು. ಹಾಳೆಯಲ್ಲಿ ಇದನ್ನು ಬರೆದೇ ಇಲ್ಲವಾದರೆ ಆ ಬಾಕ್ಸ್ ಬಿಟ್ಟುಬಿಡಿ.

ಅಷ್ಟಕ್ಕೂ ವ್ಯಾಟ್ ಅಂದರೆ ಸ್ಪೀಕರ್ ಎಷ್ಟು ತಿನ್ನುತ್ತದೆ ಅನ್ನುವ ಲೆಕ್ಕ. ಎಷ್ಟು ದುಡಿಯುತ್ತದೆ ಅನ್ನುವುದಕ್ಕೆ ಬೇರೆ ಅಂಕಿ ಇದೆ. ಅದರ ಹೆಸರು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವುದು. ವ್ಯಾಟ್ ಎರಡು ಪಟ್ಟು ಮಾಡಿದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಈಗ ಲೆಕ್ಕ ಹಾಕಿ. ಒಂದು ಬಾಕ್ಸಿನ ಸೆನ್ಸಿಟಿವಿಟಿ 97, ಅದಕ್ಕೆ 100 ವ್ಯಾಟ್ ಕೊಟ್ಟರೆ 117 ಡೆಸಿಬೆಲ್. ಇನ್ನೊಂದರದು 91. ಅದೇ 117 ಬರಬೇಕಾದರೆ ಅದಕ್ಕೆ 400 ವ್ಯಾಟ್ ಬೇಕು. ವ್ಯಾಟ್ ಮಾತ್ರ ನೋಡಿದವನು ಎರಡನೆಯದನ್ನು ದೊಡ್ಡದು ಅಂದುಕೊಂಡು ಮನೆಗೆ ತರುತ್ತಾನೆ.

ಪವರ್ಡ್ ಬಾಕ್ಸಿನ ಹಾಳೆಯಲ್ಲಿ ಸೆನ್ಸಿಟಿವಿಟಿ ಬರೆದಿರುವುದಿಲ್ಲ. ಅದರ ಬದಲು ಮ್ಯಾಕ್ಸಿಮಮ್ ಎಸ್‌ಪಿಎಲ್ ಇರುತ್ತದೆ, ಅಂದರೆ ಬಾಕ್ಸ್ ಹೆಚ್ಚೆಂದರೆ ಎಷ್ಟು ಡೆಸಿಬೆಲ್ ಕೊಡುತ್ತದೆ ಅನ್ನುವುದು. ಅದನ್ನು ಹೋಲಿಸಿ. ಅದೂ ಸಾಮಾನ್ಯವಾಗಿ ಪೀಕ್ ಲೆಕ್ಕವೇ, ಮಧ್ಯದ ಸ್ವರಗಳಲ್ಲಿ ಅಳೆದದ್ದು. 50 ಹರ್ಟ್ಸ್‌ನಲ್ಲಿ ಅಷ್ಟೇ ಬರುತ್ತದೆ ಅಂತ ನಂಬಬೇಡಿ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆ 6 ಡೆಸಿಬೆಲ್ ಇಳಿಯುತ್ತದೆ ಅನ್ನುವುದೂ ನೆನಪಿರಲಿ. ಒಂದು ಮೀಟರಿನಲ್ಲಿ 117 ಇದ್ದದ್ದು ಎಂಟು ಮೀಟರಿಗೆ 99.

ಇನ್ನೊಂದು ಅಂಕಿ ಫ್ರೀಕ್ವೆನ್ಸಿ. "45 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್" ಅಂತ ಬರೆದಿದ್ದರೆ ಅದರ ಪಕ್ಕದಲ್ಲಿ ಏನಿದೆ ನೋಡಿ. ಮೈನಸ್ 3 ಡಿಬಿ ಇದ್ದರೆ ಆ ಅಂಕಿಗೆ ಬೆಲೆ ಇದೆ. ಮೈನಸ್ 10 ಡಿಬಿ ಇದ್ದರೆ 45ರಲ್ಲಿ ಸದ್ದು ಹತ್ತು ಡೆಸಿಬೆಲ್ ಸೋತಿದೆ ಅಂತ ಅರ್ಥ. ಅದನ್ನು ಸ್ವರಗಳನ್ನು ಏರಿಸಿ ಇಳಿಸುವ ಇಕ್ಯುನಿಂದ ಎತ್ತಿ ಸರಿಮಾಡುತ್ತೇನೆ ಅಂದರೆ ಆ ಸ್ವರಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಏನೂ ಬರೆದೇ ಇಲ್ಲವಾದರೆ ಮೈನಸ್ 10 ಅಂತಲೇ ತಿಳಿದುಕೊಳ್ಳಿ.

4. ಹತ್ತೋ, ಹನ್ನೆರಡೋ, ಹದಿನೈದೋ

15 ಇಂಚು ಅಂದ ಕೂಡಲೇ ಬೇಸ್ ಜಾಸ್ತಿ ಅನ್ನುವುದು ನಮ್ಮ ಕಡೆ ಗಟ್ಟಿ ನಂಬಿಕೆ. ಪೂರ್ತಿ ನಿಜವಲ್ಲ. ಎಷ್ಟು ಕೆಳಗೆ ಹೋಗುತ್ತದೆ ಅನ್ನುವುದನ್ನು ಸ್ಪೀಕರ್, ಡಬ್ಬದ ಒಳಗಿನ ಜಾಗ, ಗಾಳಿ ಬರುವ ಪೋರ್ಟಿನ ಅಳತೆ ಮೂರೂ ಸೇರಿ ತೀರ್ಮಾನಿಸುತ್ತವೆ. ಅಗ್ಗದ 15 ಇಂಚಿಗಿಂತ ಚೆನ್ನಾಗಿ ಮಾಡಿದ 12 ಇಂಚು ಕೆಳಗೆ ಹೋಗಬಲ್ಲದು. ಅಗ್ಗದ 15ರಲ್ಲಿ ಇನ್ನೊಂದು ತೊಂದರೆ. ಅದುರಿ ಸದ್ದು ಮಾಡುವ ಕೋನ್ ದೊಡ್ಡದಾದ್ದರಿಂದ ಮಧ್ಯದ ಸ್ವರಗಳು ಎದುರಿಗೆ ಮಾತ್ರ ಹೋಗುತ್ತವೆ, ಪಕ್ಕದಲ್ಲಿ ನಿಂತವನಿಗೆ ಮಸುಕು.

ಕೆಎಲ್‌ಎಚ್ ಅನ್ನುವ ಅಮೆರಿಕದ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ ಎಚ್ ಅಂದರೆ ಆಂಟನ್ ಹಾಫ್‌ಮನ್. ಅವರ ಹೆಸರಿನಲ್ಲಿ ಒಂದು ನಿಯಮವೇ ಇದೆ. ಡಬ್ಬ ಚಿಕ್ಕದಿರಬೇಕು, ಕೆಳಗಿನ ಸ್ವರ ಬರಬೇಕು, ಕಡಿಮೆ ವ್ಯಾಟಿಗೆ ಜೋರಾಗಿ ಕೇಳಿಸಬೇಕು. ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರನೆಯದು ಕೈಬಿಡಬೇಕು. ಮೂರೂ ಇದೆ ಅಂತ ಯಾರಾದರೂ ಮಾರಿದರೆ ಅನುಮಾನಪಡಿ.

10 ಇಂಚು ಮನೆಗೆ ಸಾಕು. ಎರಡು ಕೊಂಡು ಪಕ್ಕಪಕ್ಕದಲ್ಲಿ ಇಟ್ಟರೆ ಒಂದಕ್ಕಿಂತ ಸುಮಾರು 6 ಡೆಸಿಬೆಲ್ ಜಾಸ್ತಿ ಬರುತ್ತದೆ, ಹೊರುವುದೂ ಸುಲಭ. ಈಗ ಒಂದು, ಮುಂದಿನ ವರ್ಷ ಇನ್ನೊಂದು ಅನ್ನುವವರಿಗೆ ಇದು ಒಳ್ಳೆಯ ದಾರಿ. ಒಂದೇ ಕೊಳ್ಳುವುದಾದರೆ 12.

ಊರಿನ ಬಡಗಿ ಹತ್ತಿರ ಪ್ಲೈವುಡ್ ಡಬ್ಬ ಮಾಡಿಸಿ, ಸ್ಪೀಕರ್ ತಂದು ಕೂರಿಸುವ ರೂಢಿಯೂ ಇದೆ. ಸ್ಪೀಕರಿಗೆ ಎಂಥ ಡಬ್ಬ ಹೊಂದುತ್ತದೆ ಅಂತ ತಿಳಿಸುವ ಥೀಲ್-ಸ್ಮಾಲ್ ಅಂಕಿಗಳನ್ನು ಹಿಡಿದು ಡಬ್ಬದ ಒಳಜಾಗ, ಪೋರ್ಟಿನ ಉದ್ದ ಲೆಕ್ಕ ಹಾಕಬಲ್ಲವರಿಗೆ ಇದು ಉಳಿತಾಯ. ಇನ್ನೊಂದು ಡಬ್ಬ ನೋಡಿ ಅಂದಾಜಿನಲ್ಲಿ ಕುಯ್ಯಿಸಿದರೆ ಒಂದೇ ಸ್ವರ ಗುಮ್ಮೆನ್ನುವ ಬಾಕ್ಸ್ ಕೈಗೆ ಬರುತ್ತದೆ.

5. ಪವರ್ಡ್ ಆ, ಪ್ಯಾಸಿವ್ ಆ

ನಿಮ್ಮ ಹತ್ತಿರ ಈಗಾಗಲೇ ಬೇಸ್ ಆಂಪ್ ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್) ಇದ್ದರೆ ಒಳಗೆ ಆಂಪ್ ಇಲ್ಲದ ಪ್ಯಾಸಿವ್ ಬಾಕ್ಸ್ ತಗೊಳ್ಳಿ. ಇಲ್ಲದಿದ್ದರೆ ಪವರ್ಡ್. ಅದರಲ್ಲಿ ಆಂಪ್ ಸ್ಪೀಕರಿಗೆ ಹೊಂದುವಂತೆಯೇ ಇರುತ್ತದೆ, ಜಾಸ್ತಿ ಕೊಟ್ಟರೆ ತಡೆಯುವ ಲಿಮಿಟರ್ ಒಳಗೇ ಇರುತ್ತದೆ.

ಪ್ಯಾಸಿವ್ ಆದರೆ ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) ಲೆಕ್ಕ ತಪ್ಪಬಾರದು. 8 ಓಮ್‌ನ ಎರಡು ಬಾಕ್ಸನ್ನು ಒಂದೇ ಆಂಪಿಗೆ ಪ್ಯಾರಲಲ್ ಆಗಿ ಸೇರಿಸಿದರೆ 4 ಓಮ್. ಒಂದು 8, ಒಂದು 4 ಸೇರಿಸಿದರೆ 2.7ರ ಹತ್ತಿರ. ಆಂಪ್ ಹಿಂದೆ ಕನಿಷ್ಠ 4 ಓಮ್ ಅಂತ ಬರೆದಿದ್ದರೆ ಎರಡನೆಯ ಜೋಡಿ ಹಾಕಲೇಬೇಡಿ. ಆಂಪಿನಿಂದ ಬಾಕ್ಸಿಗೆ ಗಿಟಾರ್ ಕೇಬಲ್ ಹಾಕುವುದೂ ತಪ್ಪು. ಸ್ಪೀಕರ್ ಕೇಬಲ್ಲೇ ಬೇಕು, ಒಳಗಿನ ತಂತಿ ದಪ್ಪ ಇರುವುದು.

ಆಂಪಿನ ಸ್ಪೀಕರ್ ಔಟ್‌ನಿಂದ ಪವರ್ಡ್ ಬಾಕ್ಸಿನ ಇನ್‌ಪುಟ್ಟಿಗೆ ಯಾವತ್ತೂ ಹಾಕಬೇಡಿ. ಬಾಕ್ಸು ಸುಡುತ್ತದೆ.

6. ಬಾಕ್ಸಿಗೂ ಮೊದಲು ಒಂದು ಪ್ರಿ-ಆಂಪ್

ಕೈಯಲ್ಲಿ 30 ಸಾವಿರ ಇದೆ ಅಂದುಕೊಳ್ಳಿ. ಪೂರಾ ಬಾಕ್ಸಿಗೆ ಸುರಿಯಬೇಡಿ. ಐದಾರು ಸಾವಿರವನ್ನಾದರೂ ಗಿಟಾರಿನ ಸಿಗ್ನಲ್ಲನ್ನು ಬಾಕ್ಸಿಗೆ, ಮಿಕ್ಸರಿಗೆ ಹೊಂದುವಂತೆ ಮಾಡುವ ಬೇಸ್ ಪ್ರಿ-ಆಂಪ್ ಅಥವಾ ಡಿಐ ಬಾಕ್ಸಿಗೆ, ಕೇಬಲ್ಲಿಗೆ ಎತ್ತಿಡಿ.

ಕಾರಣ ಇದೆ. ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸ್‌ನ ಪಿಕಪ್ಪಿಗೆ ಸುಮಾರು 10 ಲಕ್ಷ ಓಮ್‌ನ ಇನ್‌ಪುಟ್ ಬೇಕು. ಇಂಥ ಬಾಕ್ಸಿನ ಲೈನ್ ಇನ್‌ಪುಟ್ ಸಾಮಾನ್ಯವಾಗಿ ಹತ್ತು-ಇಪ್ಪತ್ತು ಸಾವಿರ ಓಮ್ ಇರುತ್ತದೆ. ನೇರ ಚುಚ್ಚಿದರೆ ಸದ್ದು ಸಣ್ಣ, ಮೇಲಿನ ಸ್ವರ ಎಲ್ಲಾ ಮಾಯ. ಜನ ಬಾಕ್ಸನ್ನು ಬೈಯುತ್ತಾರೆ, ತಪ್ಪು ಬಾಕ್ಸಿನದಲ್ಲ. ಕೆಲವು ಬಾಕ್ಸಿನ ಹಿಂದೆ ಗಿಟಾರಿಗೆಂದೇ ಇರುವ ಹೈ-ಝಡ್ ಅನ್ನುವ ಸ್ವಿಚ್ ಇರುತ್ತದೆ. ಇದ್ದರೆ ಅರ್ಧ ಕೆಲಸ ಆಯಿತು. ಬ್ಯಾಟರಿ ಹಾಕುವ ಆಕ್ಟಿವ್ ಬೇಸ್‌ಗೆ ಈ ತೊಂದರೆ ಅಷ್ಟಾಗಿ ಇಲ್ಲ.

ಪ್ರಿ-ಆಂಪಿನಲ್ಲಿ ತೀರಾ ಕೆಳಗಿನ ಸ್ವರ ಕತ್ತರಿಸುವ ಹೈ-ಪಾಸ್ ಫಿಲ್ಟರ್ ಇದ್ದರೆ ಇನ್ನೂ ಒಳ್ಳೆಯದು. ಪೋರ್ಟ್ ಇರುವ ಡಬ್ಬದಲ್ಲಿ ಪೋರ್ಟಿನ ಶ್ರುತಿಗಿಂತ ಕೆಳಗಿನ ಸ್ವರ ಬಂದಾಗ ಕೋನಿಗೆ ಗಾಳಿಯ ತಡೆ ಇರುವುದಿಲ್ಲ. ಅದು ಸುಮ್ನೆ ಹಿಂದೆ ಮುಂದೆ ಹಾರುತ್ತದೆ. ಕಿವಿಗೆ ಏನೂ ಸಿಗುವುದಿಲ್ಲ, ಸ್ಪೀಕರ್ ಮಾತ್ರ ಸವೆಯುತ್ತದೆ. 35-40 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿಬಿಟ್ಟರೆ ಅದೇ ಬಾಕ್ಸ್ ಇನ್ನಷ್ಟು ಜೋರಾಗಿ, ಸ್ವಚ್ಛವಾಗಿ ನುಡಿಯುತ್ತದೆ.

ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಬಳಸುವವರಿಗೆ ಒಂದು ಮಾತು. ಫುಲ್ ರೇಂಜ್ ಬಾಕ್ಸಿನ ಹಾರ್ನ್‌ನಲ್ಲಿ ಅದು ಜೇನುಹುಳದ ಹಾಗೆ ಗುಯ್‌ಗುಡುತ್ತದೆ. ಬೇಸ್ ಕ್ಯಾಬಿನೆಟ್ಟಿನ ಸದ್ದನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಷನ್ ಇರುವ ಪೆಡಲ್ ಬೇಕು.

7. ಅಂಗಡಿಯಲ್ಲಿ ಪರೀಕ್ಷೆ

ನಿಮ್ಮ ಬೇಸ್, ನಿಮ್ಮ ಪ್ರಿ-ಆಂಪ್ ಎರಡನ್ನೂ ಒಯ್ಯಿರಿ. ಕಲಬುರಗಿಯಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ಸುತ್ತಿ ಬರಬಹುದು. ಬೀದರಿನವರಿಗಂತೂ ಅದು ಇನ್ನೂ ಹತ್ತಿರ.

ಬಾಕ್ಸನ್ನು ನೆಲದ ಮೇಲೆ ಇಡಿಸಿ. ಹಿಂದಿನ ಬೇಸ್ ಬೂಸ್ಟ್, ಕಾಂಟೂರ್ ಅನ್ನುವ, ಸದ್ದಿನ ಬಣ್ಣ ಬದಲಿಸುವ ಸ್ವಿಚ್ ಎಲ್ಲಾ ಆಫ್ ಮಾಡಿಸಿ. ಬೂಸ್ಟ್ ಹಾಕಿ ಕೇಳಿಸುವುದು ಮಾರುವವರ ಹಳೇ ಚಾಲಾಕಿ. ಸಣ್ಣ ಸದ್ದಿನಲ್ಲಿ ಚೆನ್ನಾಗಿ ಕೇಳಿಸುತ್ತದೆ, ಜೋರು ಮಾಡಿದ ಕೂಡಲೇ ಲಿಮಿಟರ್ ಹಿಡಿದು ಅಮುಕುತ್ತದೆ.

ಇ ತಂತಿಯಿಂದ ಒಂದೊಂದೇ ಫ್ರೆಟ್ ಏರುತ್ತಾ ಒಂದೇ ಬಲದಲ್ಲಿ ಮೀಟಿ. ಎಲ್ಲಾ ಸ್ವರ ಸಮನಾಗಿ ಬರುತ್ತದಾ, ಒಂದೆರಡು ಮಾತ್ರ ಗುಮ್ಮೆನ್ನುತ್ತದಾ ಕೇಳಿ. ಆಮೇಲೆ ನೀವು ತಂಡದಲ್ಲಿ ನುಡಿಸುವಷ್ಟೇ ಜೋರು ಮಾಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಬಿಡಬೇಡಿ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಕೆಳಗಿನ ಸ್ವರ ಕಡಿಮೆ ಕೇಳಿಸುತ್ತದೆ. 1933ರಲ್ಲೇ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ಹಾಗಾಗಿ ಮೆಲ್ಲಗೆ ನುಡಿಸಿ ಮಾಡಿದ ಪರೀಕ್ಷೆಗೆ ಅರ್ಥವಿಲ್ಲ. ಎರಡು ಬಾಕ್ಸ್ ಹೋಲಿಸುವಾಗ ಎರಡರ ಸದ್ದೂ ಸಮ ಇರಲಿ. ಸ್ವಲ್ಪ ಜೋರಿದ್ದದ್ದೇ ಚೆನ್ನಾಗಿದೆ ಅನಿಸಿಬಿಡುತ್ತದೆ.

ಜೋರು ಮಾಡಿದಾಗ ಪೋರ್ಟಿನಿಂದ ಫುಸ್ ಅನ್ನುವ ಗಾಳಿ ಸದ್ದು, ಡಬ್ಬ ನಡುಗುವ ಕರಕರ ಬರುತ್ತದಾ ಗಮನಿಸಿ. ಪ್ಲಾಸ್ಟಿಕ್ ಡಬ್ಬದಲ್ಲಿ ಇದು ಜಾಸ್ತಿ. ಆದರೆ ಪ್ಲಾಸ್ಟಿಕ್ ಹಗುರ, ಮಳೆಯ ಹನಿಗೂ ಪ್ಲೈವುಡ್‌ನಷ್ಟು ಹೆದರುವುದಿಲ್ಲ. ಕೊನೆಗೆ ನುಡಿಸುವುದು ನಿಲ್ಲಿಸಿ ಹಾರ್ನಿನ ಹಿಸ್ ಕೇಳಿ. ಮನೆಯಲ್ಲಿ ರಾತ್ರಿ ಅದೇ ಕಿರಿಕಿರಿ.

ಬ್ರ್ಯಾಂಡ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಯಮಾಹಾದ ಡಿಬಿಆರ್, ಜೆಬಿಎಲ್‌ನ ಇಯಾನ್, ಬೆರಿಂಜರ್‌ನ ಯೂರೋಲೈವ್ ಸಾಲಿನಲ್ಲಿ ಪವರ್ಡ್ ಬಾಕ್ಸ್‌ಗಳಿವೆ. ಸ್ಟುಡಿಯೋಮಾಸ್ಟರ್‌ನಲ್ಲೂ ಇವೆ. ನಾನಾದರೆ ಹೆಸರಿಗಿಂತ ಮೊದಲು ಕೇಳುವುದು, ಕೆಟ್ಟರೆ ರಿಪೇರಿ ಎಲ್ಲಿ ಅಂತ. ಬಾಕ್ಸನ್ನು ರೈಲಿನಲ್ಲಿ ಬೆಂಗಳೂರಿಗೆ ಕಳಿಸಿ ತಿಂಗಳುಗಟ್ಟಲೆ ಕಾಯುವ ಹಾಗಿದ್ದರೆ ಉಳಿಸಿದ ದುಡ್ಡು ಅಲ್ಲೇ ಹೋಯಿತು.

8. ಸೆಕೆಂಡ್ ಹ್ಯಾಂಡ್ ಆದರೆ

ಸೌಂಡ್ ಬಾಡಿಗೆ ಕೊಡುವವರು ಹೊಸದು ತಂದಾಗ ಹಳೆಯದನ್ನು ಮಾರುತ್ತಾರೆ. ಬೆಲೆ ಇಳಿಸುತ್ತಾರೆ, ಆದರೆ ಆ ಬಾಕ್ಸ್ ಎಷ್ಟು ಮೆರವಣಿಗೆ ನೋಡಿದೆಯೋ ದೇವರಿಗೇ ಗೊತ್ತು. ಜಾಲರಿ ಬಿಚ್ಚಿಸಿ. ಕೋನಿನ ಎರಡೂ ಬದಿಗೆ ಬೆರಳಿಟ್ಟು ಮೆತ್ತಗೆ, ನೇರವಾಗಿ ಒತ್ತಿ. ಒಳಗೆ ಉಜ್ಜಿದ ಸದ್ದು ಬಂದರೆ ಕೋನನ್ನು ಅದುರಿಸುವ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್ ಹೋಗಿದೆ. ಸುಟ್ಟ ವಾಸನೆ ಬಂದರೂ ಅಷ್ಟೇ. ಪ್ಯಾಸಿವ್ ಆದರೆ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಬಾಕ್ಸ್ ಐದೂವರೆಯಿಂದ ಏಳರೊಳಗೆ ತೋರಿಸಬೇಕು. ಹಾರ್ನ್ ಕೆಲಸ ಮಾಡುತ್ತದಾ ಅಂತ ಬೇಸ್‌ನಿಂದ ಗೊತ್ತಾಗದಿರಬಹುದು, ಮೊಬೈಲಿನಿಂದ ಒಂದು ಹಾಡು ಹಾಕಿ ಕೇಳಿ. ಕೋನ್ ಬದಲಾಯಿಸಿದ್ದಾರಾ ಅಂತ ನೇರವಾಗಿ ಕೇಳಿಬಿಡಿ.

9. ಮನೆಗೆ ತಂದ ಮೇಲೆ ಎಲ್ಲಿಡುವುದು

ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ, ಗಟ್ಟಿ ಗೋಡೆ, ಮೇಲೆ ಕಾಂಕ್ರೀಟ್. ಸದ್ದು ಹೀರುವ ವಸ್ತು ಇಲ್ಲ. ಬೇಸ್‌ಗೆ ಇದು ಕಷ್ಟದ ಜಾಗ. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಸ್ ಹತ್ತಿರದ ಸ್ವರ ತಾನೇ ಉಬ್ಬುತ್ತದೆ. ಅಂದರೆ ಇ ತಂತಿಯ ಎರಡನೇ ಫ್ರೆಟ್. ಬಾಕ್ಸ್ ಕೆಟ್ಟಿದೆ ಅಂತ ಹಿಂದಿರುಗಿಸಲು ಹೋಗಬೇಡಿ, ಬಾಕ್ಸನ್ನು ಮೂಲೆಯಿಂದ ಸರಿಸಿ ನೋಡಿ. ಹತ್ತಿಯ ಗಾದಿ, ದಪ್ಪ ಜಮಖಾನೆ ಹಾಕಿದರೆ ಮೇಲಿನ ಗದ್ದಲ ಇಳಿಯುತ್ತದೆ, ಕೆಳಗಿನ ಗುಮ್ಮು ಅಷ್ಟಾಗಿ ಇಳಿಯುವುದಿಲ್ಲ. ಅದಕ್ಕೆ ಇಕ್ಯುನಲ್ಲಿ ಆ ಸ್ವರವನ್ನು ಸ್ವಲ್ಪ ತಗ್ಗಿಸಿ.

ಗೋಡೆಯಿಂದ ಒಂದು ಮೀಟರ್ ಮುಂದೆ ಇಟ್ಟರೆ ಬೇರೆ ತೊಂದರೆ. ಗೋಡೆಗೆ ಬಡಿದು ವಾಪಸ್ ಬರುವ ಸದ್ದು 86 ಹರ್ಟ್ಸ್ ಹತ್ತಿರ ಮುಂದಿನ ಸದ್ದನ್ನು ಕಡಿದುಹಾಕುತ್ತದೆ. ಡಿ ತಂತಿಯ ಮೂರನೇ ಫ್ರೆಟ್ ಸತ್ತಂತೆ ಕೇಳಿಸುತ್ತದೆ. ಆದಷ್ಟು ಗೋಡೆಗೆ ಹತ್ತಿರ ಇಡಿ, ಒಂದು ಗೇಣು ಬಿಟ್ಟು. ಆ ಗೇಣು ಬೇಕೇಬೇಕು, ಹಿಂದಿನ ಆಂಪಿಗೆ ಗಾಳಿಯಾಡಬೇಕಲ್ಲ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬೆನ್ನು ಕೊಟ್ಟು ನಿಂತ ಪವರ್ಡ್ ಬಾಕ್ಸ್ ಕಾರ್ಯಕ್ರಮದ ಮಧ್ಯೆ ಬಿಸಿಯಾಗಿ ಬಂದ್ ಆಗಬಹುದು.

ಸ್ಟ್ಯಾಂಡಿನ ಮೇಲೆ ಏರಿಸಬೇಡಿ. ನೆಲದಿಂದ ಸಿಗುವ ಬೇಸ್ ಅಷ್ಟೂ ಹೋಗುತ್ತದೆ. ಈ ಬಾಕ್ಸ್‌ಗಳಿಗೆ ಒಂದು ಬದಿ ಓರೆ ಇರುತ್ತದೆ. ಆ ಬದಿಗೆ ಮಲಗಿಸಿದರೆ ಹಾರ್ನ್ ನಿಮ್ಮ ಕಿವಿಯ ಕಡೆ ತಿರುಗುತ್ತದೆ, ಬೇಸ್ ನೆಲದಲ್ಲೇ ಉಳಿಯುತ್ತದೆ.

10. ಕರೆಂಟು

ಕೆಲವು ಬಾಕ್ಸಿನ ಹಿಂದೆ 115/230 ವೋಲ್ಟ್ ಸ್ವಿಚ್ ಇರುತ್ತದೆ. 230ರಲ್ಲಿದೆಯಾ ನೋಡಿಯೇ ಪ್ಲಗ್ ಹಾಕಿ. ಮೂರು ಪಿನ್ನಿನ ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿದು ಗುಂಯ್ ಅನ್ನುವ ಹಮ್ ನಿಲ್ಲಿಸುವವರು ಇದ್ದಾರೆ. ನಿಮ್ಮ ಕೈ ತಂತಿಯ ಮೇಲೆ, ಬಾಯಿ ಮೈಕಿನ ಹತ್ತಿರ ಇರುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಆ ಶಾಕ್ ಪ್ರಾಣಕ್ಕೇ ಬರಬಹುದು. ಹಮ್ ಬಂದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಒತ್ತಿ, ಅದು ಇರುವುದೇ ಅದಕ್ಕೆ. ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮದಲ್ಲಿ ಅದು ಶುರುವಾಗಿ ಸ್ಥಿರ ಆದ ಮೇಲೆಯೇ ಬಾಕ್ಸ್ ಆನ್ ಮಾಡಿ. ಆನ್ ಮಾಡುವಾಗ ಬಾಕ್ಸ್ ಕೊನೆಗೆ, ಆಫ್ ಮಾಡುವಾಗ ಮೊದಲಿಗೆ.

ದೊಡ್ಡ ಹಾಲಿನಲ್ಲಿ ನುಡಿಸುವ ದಿನ ಸೌಂಡಿನವರಿಗೆ ಪ್ರಿ-ಆಂಪಿನ, ಮೈಕ್ ಕೇಬಲ್ ಹಾಕುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಔಟ್ ಕೊಡಿ. ಬಾಕ್ಸಿನ ಹಿಂದಿನ ಔಟ್ ಕೊಟ್ಟರೆ, ಕೆಲವು ಬಾಕ್ಸ್‌ಗಳಲ್ಲಿ ನೀವು ವಾಲ್ಯೂಮ್ ತಿರುಗಿಸಿದಾಗಲೆಲ್ಲ ಅವರ ಮಿಕ್ಸರಿನಲ್ಲೂ ಏರಿಳಿಯುತ್ತದೆ. ನಿಮ್ಮ ಬಾಕ್ಸ್ ನಿಮಗೆ ಕೇಳಿಸುವಷ್ಟೇ ಇರಲಿ. ಜಾಸ್ತಿ ಮಾಡಿದರೆ ಆ ಸದ್ದು ಮೈಕ್‌ಗಳಿಗೆ ನುಗ್ಗುತ್ತದೆ, ಸೌಂಡಿನವರು ಮಿಕ್ಸರಿನಲ್ಲಿ ನಿಮ್ಮನ್ನೇ ಇಳಿಸುತ್ತಾರೆ.